ಹಟ್ಟಿಯ ಕಲ್ಲು, ತಾಂಡಾದ ನೀರು, ಹತ್ತು ಮಿಲಿಗ್ರಾಂ ಮದ್ದು

ಏಕಾದಶಿ, ಶಿವರಾತ್ರಿ, ರಂಜಾನ್ ಹತ್ತಿರ ಬಂದವೆಂದರೆ ಸಿಂಧನೂರಿನ ವಾಟ್ಸಾಪ್ ಗುಂಪುಗಳಲ್ಲಿ ಅದೇ ಒಂದು ಬರಹ ಓಡಾಡತೊಡಗುತ್ತದೆ. ಉಪವಾಸದ ಸಂಶೋಧನೆಗೆ ಜಪಾನಿನ ವಿಜ್ಞಾನಿಗೆ ನೊಬೆಲ್ ಬಂದಿದೆಯಂತೆ, ಹೊಟ್ಟೆ ಖಾಲಿ ಬಿಟ್ಟರೆ ದೇಹ ತನ್ನೊಳಗಿನ ಕ್ಯಾನ್ಸರ್ ಜೀವಕೋಶಗಳನ್ನು ತಾನೇ ತಿಂದು ಮುಗಿಸುತ್ತದಂತೆ. ಔಷಧದ ಅಂಗಡಿ ಇಟ್ಟಿರುವ ಪರಿಚಯದವರೊಬ್ಬರು ಅದನ್ನು ನನಗೆ ತೋರಿಸಿ, “ಸರ, ಇದು ಖರೇ ಏನ್ರಿ? ಕಿಮೋ ತಗೊಳ್ಳೋರು ಬಂದು ಕೇಳ್ತಾರ, ಉಪಾಸ ಮಾಡಬೇಕೋ ಬ್ಯಾಡೋ ಅಂತ” ಎಂದರು. ಕೇಳಿದವರಿಗೆ ಅಂದಾಜಿನ ಉತ್ತರ ಕೊಡುವ ವಿಷಯವಲ್ಲ ಇದು. ಮೂಲ ಪ್ರಬಂಧಗಳನ್ನೇ ಹುಡುಕತೊಡಗಿದೆ. ಆ ಹುಡುಕಾಟ ಜಪಾನಿನಿಂದ ಹೊರಟು, ಚೀನಾ, ಪ್ಯಾರಿಸ್, ವೆಲ್ಲೂರು ಸುತ್ತಿ, ಕೊನೆಗೆ ನಮ್ಮದೇ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಕಲ್ಲಿಗೆ ಬಂದು ತಾಗೀತೆಂದು ಆಗ ಅಂದುಕೊಂಡಿರಲಿಲ್ಲ.

ಮೊದಲು ಜಪಾನಿನ ಸಂಗತಿ. ಯೋಶಿನೊರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂದದ್ದು ನಿಜ. ಅದಕ್ಕೆ ಅಡಿಪಾಯವಾದದ್ದು 1992ರ ಒಂದು ಪ್ರಬಂಧ, ಅದರ ಬೆನ್ನಿಗೇ 1993ರ ಇನ್ನೊಂದು. ಎರಡರಲ್ಲೂ ಉಪವಾಸ ಬಿದ್ದದ್ದು ಮನುಷ್ಯರಲ್ಲ, ಯೀಸ್ಟ್. ಬ್ರೆಡ್ಡು ಉಬ್ಬಿಸುವ ಅದೇ ಯೀಸ್ಟ್‌ಗೆ ಸಾರಜನಕ ಸಿಗದಂತೆ ಮಾಡಿದರು. ಯೀಸ್ಟ್‌ನ ಒಳಗೆ ತ್ಯಾಜ್ಯವನ್ನು ಕರಗಿಸುವ ಒಂದು ಚೀಲವಿದೆ. ಕರಗಿಸುವ ಕಿಣ್ವಗಳೇ ಇಲ್ಲದ ತಳಿಯನ್ನು ಆರಿಸಿಕೊಂಡಿದ್ದರಿಂದ, ಆ ಚೀಲಕ್ಕೆ ಬಂದು ಬಿದ್ದದ್ದು ಕರಗದೆ ಅಲ್ಲೇ ಉಳಿಯಿತು. ಕೆಲವೇ ತಾಸುಗಳಲ್ಲಿ ಸಾಮಾನ್ಯ ಸೂಕ್ಷ್ಮದರ್ಶಕದಲ್ಲೇ ಕಾಣುವಷ್ಟು ಗುಂಡು ಗುಂಡಾದ ಗುಳ್ಳೆಗಳು ಚೀಲದೊಳಗೆ ಕುಣಿಯತೊಡಗಿದವು. ಜೀವಕೋಶ ತನ್ನದೇ ಹಳೆಯ, ಕೆಟ್ಟ ಭಾಗಗಳನ್ನು ಪೊರೆಯಲ್ಲಿ ಸುತ್ತಿ ಕರಗಿಸುವ ಈ ಕೆಲಸಕ್ಕೆ ಆಟೊಫೇಜಿ ಎಂದು 1963ರಲ್ಲೇ ಹೆಸರಿಟ್ಟವರು ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡ್ಯೂವ್. ಕನ್ನಡದಲ್ಲಿ ಸ್ವಭಕ್ಷಣೆ ಎನ್ನುತ್ತಾರೆ. ಓಸುಮಿ ಮಾಡಿದ ದೊಡ್ಡ ಕೆಲಸವೆಂದರೆ ಇದಕ್ಕೆ ಬೇಕಾದ ಜೀನುಗಳನ್ನು ಒಂದೊಂದಾಗಿ ಹಿಡಿದದ್ದು. ಆ ಎರಡು ಪ್ರಬಂಧಗಳಲ್ಲಿ ಕ್ಯಾನ್ಸರ್ ಚಿಕಿತ್ಸೆಯ ಸುಳಿವೂ ಇಲ್ಲ.

ಕ್ಯಾನ್ಸರ್ ಈ ಕಥೆಯೊಳಗೆ ಬಂದದ್ದು 1999ರಲ್ಲಿ, ಅಮೆರಿಕದ ಬೆತ್ ಲೆವೀನ್ ಅವರ ಪ್ರಯೋಗಾಲಯದಿಂದ. ಬೆಕ್ಲಿನ್ ಎಂಬ ಆಟೊಫೇಜಿ ಪ್ರೋಟೀನನ್ನು ಸ್ತನ ಕ್ಯಾನ್ಸರಿನ ಜೀವಕೋಶಗಳಲ್ಲಿ ಹೆಚ್ಚಿಸಿದಾಗ ಗಡ್ಡೆ ಬೆಳೆಯುವ ವೇಗ ಕುಗ್ಗಿತು. ಇಲ್ಲಿಗೇ ಓದು ನಿಲ್ಲಿಸಿದವರಿಗೆ ವಾಟ್ಸಾಪ್ ಬರಹ ಸರಿ ಅನ್ನಿಸುತ್ತದೆ. ಆದರೆ ಮುಂದಿನ ಹತ್ತು ವರ್ಷಗಳ ಪ್ರಬಂಧಗಳು ಇನ್ನೊಂದು ದಿಕ್ಕಿಗೆ ಹೊರಳಿದವು. ಗಡ್ಡೆ ಒಮ್ಮೆ ಬೇರುಬಿಟ್ಟ ಮೇಲೆ, ಒಳಗೆ ರಕ್ತ ಸಾಲದೆ ಆಮ್ಲಜನಕ ಸಾಲದೆ ಒದ್ದಾಡುವ ಕ್ಯಾನ್ಸರ್ ಜೀವಕೋಶ ಇದೇ ಆಟೊಫೇಜಿಯಿಂದ ತನ್ನ ಹೊಟ್ಟೆ ಹೊರೆದುಕೊಳ್ಳುತ್ತದೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಂತೂ ಇದು ಎದ್ದುಕಾಣುತ್ತದೆ. ಆದ್ದರಿಂದ ಆಸ್ಪತ್ರೆಗಳಲ್ಲಿ ನಡೆದ ಪ್ರಯೋಗಗಳು ಆಟೊಫೇಜಿಯನ್ನು ಹೆಚ್ಚಿಸಲಿಕ್ಕಲ್ಲ, ತಡೆಯಲಿಕ್ಕೆ. ಅದಕ್ಕೆ ಬಳಸಿದ್ದು ಮಲೇರಿಯಾ ಗುಳಿಗೆಯ ಜಾತಿಯ ಹೈಡ್ರಾಕ್ಸಿಕ್ಲೋರೋಕ್ವಿನ್. ಕರಗಿಸುವ ಚೀಲದ ಆಮ್ಲವನ್ನು ಇದು ತಗ್ಗಿಸುತ್ತದೆ, ಒಳಗೆ ಬಂದದ್ದು ಕರಗದೆ ಉಳಿಯುತ್ತದೆ. ಫಲ ಹೇಳಿಕೊಳ್ಳುವಂತಿಲ್ಲ. 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮೇದೋಜೀರಕ ಕ್ಯಾನ್ಸರಿನ 20 ರೋಗಿಗಳಿಗೆ ಈ ಗುಳಿಗೆಯೊಂದನ್ನೇ ಕೊಟ್ಟಾಗ, ಎರಡು ತಿಂಗಳಿನ ಹೊತ್ತಿಗೆ ರೋಗ ಮುಂದುವರಿಯದೆ ಉಳಿದವರು ಇಬ್ಬರು. 2019ರಲ್ಲಿ ಕಿಮೋ ಜೊತೆಗೆ ಕೊಟ್ಟು 112 ಜನರಲ್ಲಿ ನೋಡಿದ ಫಲಿತಾಂಶ ಬಂತು. ಒಂದು ವರ್ಷ ಬದುಕಿದವರು ಗುಳಿಗೆ ಪಡೆದವರಲ್ಲಿ ಹೆಚ್ಚಿರಲಿಲ್ಲ.

ಔಷಧದ ಅಂಗಡಿಯವರಿಗೆ ಇಷ್ಟು ಹೇಳಬಹುದಿತ್ತು: ಕಿಮೋ ಪಡೆಯುತ್ತ ತೂಕ ಇಳಿಯುತ್ತಿರುವ ಮನುಷ್ಯನನ್ನು ಉಪವಾಸ ಕೆಡವಬಾರದು. ಹೇಳಿದೆ ಕೂಡ. ಆದರೆ ನನಗೆ ಇನ್ನೊಂದು ಪ್ರಶ್ನೆ ಉಳಿಯಿತು. ಆಟೊಫೇಜಿ ಕೈಜೋಡಿಸಿ, ರೋಗಿ ನಿಜವಾಗಿ ಗುಣವಾಗಿ ಮನೆಗೆ ಹೋಗುವ ಕ್ಯಾನ್ಸರ್ ಔಷಧ ಒಂದಾದರೂ ಇದೆಯೇ?

ಇದೆ. ಅದರ ಹೆಸರು ಆರ್ಸೆನಿಕ್ ಟ್ರೈಆಕ್ಸೈಡ್. ನಮ್ಮ ಹಳೆಯ ವೈದ್ಯರ ಮಾತಿನಲ್ಲಿ ಶಂಖಪಾಷಾಣ. ಈ ಹೆಸರು ಕಂಡಾಗ ಲಿಂಗಸುಗೂರು ಕಡೆಯ ಯಾರಿಗೇ ಆದರೂ ಹಟ್ಟಿಯ ಚಿನ್ನದ ಗಣಿ ನೆನಪಾಗಲೇಬೇಕು.

ಹಟ್ಟಿ–ಮಸ್ಕಿ ಶಿಲಾಪಟ್ಟಿಯ ಬಗ್ಗೆ ದಾಖಲೆಗಳಿಗೆ ಬರವಿಲ್ಲ. ಮಸ್ಕಿಯ ಅಶೋಕ ಶಾಸನವನ್ನೇ ನೋಡಿ. 1915ರಲ್ಲಿ ಅದನ್ನು ಕಂಡವನು ಪುರಾತತ್ವದವನಲ್ಲ, ನಿಜಾಮರ ಸೀಮೆಯಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್. ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಅದನ್ನು ಹೈದರಾಬಾದಿನ ಪುರಾತತ್ವ ಮಾಲೆಯ ಮೊದಲ ಸಂಪುಟವಾಗಿ ಪ್ರಕಟಿಸಿದರು. ಅಶೋಕನೆಂಬ ಹೆಸರು ಕಲ್ಲಿನ ಮೇಲೆ ಸ್ಪಷ್ಟವಾಗಿ ಸಿಕ್ಕಿದ್ದು ಅಲ್ಲೇ ಮೊದಲು. ಚಿನ್ನ ಹುಡುಕುವವನಿಗೆ ಚಕ್ರವರ್ತಿ ಸಿಕ್ಕ. ಹಟ್ಟಿಯ ಪ್ರಾಚೀನ ಗಣಿಗಳ ಬಗ್ಗೆ ಎಫ್. ಆರ್. ಆಲ್ಚಿನ್ 1962ರಲ್ಲಿ ಬರೆದ ದೀರ್ಘ ಲೇಖನ ಇಂದಿಗೂ ಓದಿಸಿಕೊಳ್ಳುತ್ತದೆ. ಇದೇ ತಾಲ್ಲೂಕಿನ ಪಿಕ್ಲಿಹಾಳದಲ್ಲಿ ಉತ್ಖನನ ಮಾಡಿದವರು ಅವರು. ಎರಡು ಸಾವಿರ ವರ್ಷಗಳ ಹಿಂದಿನವರು ಹಟ್ಟಿಯಲ್ಲಿ 640 ಅಡಿ ಆಳದವರೆಗೆ ಇಳಿದಿದ್ದರು. ಪಂಪಿಲ್ಲ, ಸಿಡಿಮದ್ದಿಲ್ಲ.

ಆಲ್ಚಿನ್ ಓದುವಾಗ ನನ್ನ ಕಣ್ಣು ಹುಡುಕುತ್ತಿದ್ದದ್ದು ಚಿನ್ನವನ್ನಲ್ಲ. ಹಟ್ಟಿಯ ಅದಿರಿನಲ್ಲಿ ಚಿನ್ನದ ಜೊತೆ ಆರ್ಸೆನೊಪೈರೈಟ್ ಇದೆ. ಕಬ್ಬಿಣ, ಗಂಧಕ, ಆರ್ಸೆನಿಕ್ ಕೂಡಿದ, ಬೆಳ್ಳಿಯಂತೆ ಹೊಳೆಯುವ ಖನಿಜ ಅದು. ಭೂಮಿಯಾಳದ ಬಿಸಿನೀರು ಕಲ್ಲಿನ ಬಿರುಕಿಗೆ ಚಿನ್ನ ತಂದಾಗ ಆರ್ಸೆನಿಕ್ಕನ್ನೂ ತಂದಿತ್ತು. ಅದಕ್ಕೇ ಭೂವಿಜ್ಞಾನದ ಪ್ರಬಂಧಗಳಲ್ಲಿ ಆರ್ಸೆನಿಕ್ ಎಂದರೆ ಚಿನ್ನದ ಜಾಡು. ಮಣ್ಣಿನಲ್ಲಿ ಅದು ಹೆಚ್ಚಿದ್ದರೆ ಅಲ್ಲಿ ಕೊರೆದು ನೋಡು ಎಂದರ್ಥ. ಪ್ರಾಚೀನ ಗಣಿಗಾರರು ಬಂಡೆಗೆ ಬೆಂಕಿಯಿಟ್ಟು, ಕಾದಾಗ ನೀರು ಹೊಯ್ದು ಬಿರುಕು ಬಿಡಿಸುತ್ತಿದ್ದರು. ಆರ್ಸೆನೊಪೈರೈಟ್ ಕಾದರೆ ಬೆಳ್ಳುಳ್ಳಿ ವಾಸನೆಯ ಬಿಳಿ ಹೊಗೆ ಏಳುತ್ತದೆ. ಆ ಹೊಗೆ ತಣಿದು ಕೂರುವ ಬಿಳಿ ಪುಡಿಯೇ ಆರ್ಸೆನಿಕ್ ಟ್ರೈಆಕ್ಸೈಡ್. ಗಾಳಿಯಾಡದ ಆ ಬಿಲಗಳಲ್ಲಿ ಅದನ್ನು ಉಸಿರಾಡಿದವರ ಗತಿ ಏನಾಯಿತೆಂದು ಯಾವ ಶಾಸನವೂ ಬರೆದಿಟ್ಟಿಲ್ಲ.

ಇವತ್ತಿನವರ ಬಗ್ಗೆ ಬರೆದಿಟ್ಟದ್ದಿದೆ. ಅದನ್ನು ಹುಡುಕುವಾಗ ‘ಮಂಗಳೂರು ಗ್ರೀನ್‌ಸ್ಟೋನ್ ಪಟ್ಟಿ’ ಎಂಬ ಹೆಸರು ಎದುರಾಗುತ್ತದೆ. ಕರಾವಳಿಯವರು ಗಾಬರಿಯಾಗಬೇಕಿಲ್ಲ, ಇದು ಸುರಪುರ ತಾಲ್ಲೂಕಿನ ಮಂಗಳೂರು. ಲಿಂಗಸುಗೂರಿನಿಂದ ಕೃಷ್ಣೆ ದಾಟಿದರೆ ಆಚೆ ದಡದ ಸೀಮೆ. ಹಳೆಯ ಚಿನ್ನದ ಗಣಿಯ ಬಳಿಯ ತಾಂಡಾದ ಜನರನ್ನು, ಅವರ ಕೊಳವೆಬಾವಿಗಳನ್ನು ಪರೀಕ್ಷಿಸಿ 2013ರಲ್ಲಿ ಒಂದು ಪ್ರಬಂಧ ಪ್ರಕಟವಾಯಿತು. ಅದರ ಮುಂದಾಳು ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ. ಬಂಗಾಳದ ಬಾವಿಗಳ ಆರ್ಸೆನಿಕ್ಕನ್ನು ಜಗತ್ತಿನ ಮುಂದಿಡಲು ಬದುಕನ್ನೇ ಸವೆಸಿದವರು. ಅವರು ಕೃಷ್ಣಾ ತೀರಕ್ಕೆ ಬಂದದ್ದು ನಮ್ಮ ಪಾಲಿಗೆ ದೊಡ್ಡ ಸಂಗತಿ. ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಿಗೆ ಪೂರ್ವ ಬಂಗಾಳದಿಂದ ಬಂದು ನೆಲೆನಿಂತ ಕುಟುಂಬಗಳಿವೆ. ಅವರು ಬಿಟ್ಟುಬಂದ ನಾಡಿನಲ್ಲಿ ಲಕ್ಷಾಂತರ ಜನರನ್ನು ಕಾಡಿದ ರೋಗವೇ ಇಲ್ಲಿ ಬೇರೆ ಕಲ್ಲಿನಿಂದ, ಬೇರೆ ಕಾರಣಕ್ಕೆ ಎದ್ದಿತ್ತು. ಅಲ್ಲಿ ನದಿ ತಂದ ಹೂಳಿನಿಂದ, ಇಲ್ಲಿ ಚಿನ್ನದ ಬಂಡೆಯಿಂದ.

ಪ್ರಬಂಧದ ಅಂಕಿಗಳು ಹೀಗಿವೆ. ನೀರು ತೆಗೆದ ಕೊಳವೆಬಾವಿಗಳ ಮಾದರಿ 59. ಲೀಟರಿಗೆ 10 ಮೈಕ್ರೊಗ್ರಾಂ ಆರ್ಸೆನಿಕ್ ಎಂಬ ಮಿತಿಯನ್ನು ದಾಟಿದವು ಅವುಗಳಲ್ಲಿ ನೂರಕ್ಕೆ 79. ಅತಿ ಕೆಟ್ಟ ಬಾವಿಯಲ್ಲಿ 303. ಮೇಲ್ಮಣ್ಣಿನ 12 ಮಾದರಿಗಳಲ್ಲಿ ಆರರಲ್ಲಿ ಕಿಲೋಗೆ 2000 ಮಿಲಿಗ್ರಾಂಗಿಂತ ಹೆಚ್ಚು ಆರ್ಸೆನಿಕ್, ಗಣಿಯ ಪುಡಿಮಣ್ಣು ಹರಡಿದ್ದರಿಂದ ಆಗಿರಬಹುದೆಂಬ ಊಹೆ. 171 ಜನರಿಂದ ಕೂದಲು, ಉಗುರು ತೆಗೆದರು, ಎಲ್ಲದರಲ್ಲೂ ಆರ್ಸೆನಿಕ್ ಹೆಚ್ಚಿತ್ತು. ಪರೀಕ್ಷಿಸಿದ 181 ಜನರಲ್ಲಿ ನೂರಕ್ಕೆ 58.6 ಜನರ ಚರ್ಮದಲ್ಲಿ ಗುರುತು ಮೂಡಿತ್ತು.

ಆ ಗುರುತು ಹೇಗಿರುತ್ತದೆ ಎಂಬುದನ್ನು ಪಠ್ಯಪುಸ್ತಕಕ್ಕಿಂತ ಅಂಗೈಯಲ್ಲಿ ನೋಡಬೇಕು. ಮೊದಲು ಎದೆ, ಬೆನ್ನಿನ ಮೇಲೆ ಸಣ್ಣ ಸಣ್ಣ ಕಪ್ಪು ಚುಕ್ಕೆ, ನಡುವೆ ನಡುವೆ ಬಣ್ಣ ಮಾಸಿದ ಬಿಳಿ ಚುಕ್ಕೆ. ಆಮೇಲೆ ಅಂಗೈ, ಅಂಗಾಲಿನಲ್ಲಿ ಜೋಳದ ಕಾಳಿನಷ್ಟು ಗಟ್ಟಿ ಗಂಟುಗಳು. ಬೆರಳು ಆಡಿಸಿದರೆ ಚುಚ್ಚುತ್ತವೆ. ಹೊಲಗೆಲಸದವರ ಕೈ ಜಡ್ಡುಗಟ್ಟಿರುವುದು ಸಹಜ, ಆದ್ದರಿಂದ ಎಷ್ಟೋ ವರ್ಷ ಯಾರೂ ಗಮನಿಸುವುದಿಲ್ಲ. ಜಡ್ಡು ಉಜ್ಜುವ ಜಾಗದಲ್ಲಷ್ಟೇ ಇರುತ್ತದೆ, ಇದು ಅಂಗೈಯ ತಗ್ಗಿನಲ್ಲೂ ಏಳುತ್ತದೆ. ಅದರಲ್ಲಿ ಕೆಲವು ಮುಂದೆ ಚರ್ಮದ ಕ್ಯಾನ್ಸರ್ ಆಗುತ್ತವೆ. ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರಿಗೂ ಆರ್ಸೆನಿಕ್ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಯಾವ ಅನುಮಾನಕ್ಕೂ ಎಡೆಯಿಲ್ಲದ ಮೊದಲ ಗುಂಪಿನಲ್ಲಿ ಬರೆದಿಟ್ಟಿದೆ.

ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಮಾತ್ರ ತಪ್ಪು. ಸಿಂಧನೂರಿನ ಭತ್ತದ ಬಯಲು ಉಣ್ಣುವುದು ತುಂಗಭದ್ರೆಯ ಎಡದಂಡೆ ಕಾಲುವೆಯ ನೀರನ್ನು. ಚಿನ್ನದ ಪಟ್ಟಿಯ ಬಂಡೆಯಲ್ಲಿ ಕೊಳವೆಬಾವಿ ಕೊರೆದು ಕುಡಿಯುವವರ ಕಥೆ ಬೇರೆ.

ಹಾಗಿದ್ದರೆ ಈ ವಿಷ ಮದ್ದಾದದ್ದು ಹೇಗೆ? ಇಂಗ್ಲೆಂಡಿನ ಥಾಮಸ್ ಫೌಲರ್ 1786ರಲ್ಲೇ ಆರ್ಸೆನಿಕ್ ದ್ರಾವಣವನ್ನು ಜ್ವರಕ್ಕೆ ಕೊಟ್ಟಿದ್ದ. 1865ರಲ್ಲಿ ಜರ್ಮನಿಯ ಲಿಸೌವರ್ ಅದನ್ನೇ ರಕ್ತ ಕ್ಯಾನ್ಸರಿಗೆ ಕೊಟ್ಟು ನೋಡಿದ. ನಿಜವಾದ ತಿರುವು ಬಂದದ್ದು 1970ರ ದಶಕದ ಆರಂಭದಲ್ಲಿ, ಈಶಾನ್ಯ ಚೀನಾದ ಹಾರ್ಬಿನ್‌ನಲ್ಲಿ. ಹಳ್ಳಿಯೊಂದರಲ್ಲಿ ನಾಟಿ ವೈದ್ಯನೊಬ್ಬ ಆರ್ಸೆನಿಕ್, ಪಾದರಸ, ಕಪ್ಪೆಯ ವಿಷ ಬೆರೆಸಿ ಗಡ್ಡೆಗಳಿಗೆ ಮದ್ದು ಕೊಡುತ್ತಾನೆಂಬ ಸುದ್ದಿ ತಿಳಿದು ಝಾಂಗ್ ಟಿಂಗ್‌ಡಾಂಗ್ ಮತ್ತು ಅವರ ಸಂಗಡಿಗರು ಅದನ್ನು ಆಸ್ಪತ್ರೆಗೆ ತಂದರು. ಒಂದೊಂದನ್ನೇ ಬಿಟ್ಟು ನೋಡುತ್ತ ಹೋದರು. ಕಪ್ಪೆ ಬೇಡವಾಯಿತು, ಪಾದರಸವೂ ಬೇಡವಾಯಿತು, ಉಳಿದದ್ದು ಆರ್ಸೆನಿಕ್. ಅದು ಎಲ್ಲ ರಕ್ತ ಕ್ಯಾನ್ಸರಿಗೂ ಅಲ್ಲ, ಒಂದೇ ಒಂದು ಬಗೆಗೆ ಚೆನ್ನಾಗಿ ತಾಗುತ್ತಿತ್ತು: ಎಪಿಎಲ್ ಎಂದು ವೈದ್ಯರು ಕರೆಯುವ ಪ್ರೊಮೈಲೊಸೈಟಿಕ್ ಲುಕೇಮಿಯಾ. 1957ರಲ್ಲಿ ಓಸ್ಲೊದ ಹಿಲ್ಲೆಸ್ಟಾಡ್ ಈ ರೋಗವನ್ನು ಮೊದಲು ಬಣ್ಣಿಸಿದಾಗ, ರಕ್ತ ಹೆಪ್ಪುಗಟ್ಟದೆ ಕೆಲವೇ ವಾರಗಳಲ್ಲಿ ಪ್ರಾಣ ತೆಗೆಯುವ ಅತ್ಯಂತ ವೇಗದ ರಕ್ತ ಕ್ಯಾನ್ಸರ್ ಎಂದೇ ಬರೆದಿದ್ದ.

ನಮ್ಮ ದೇಶದಲ್ಲಿ ಇದರ ದೊಡ್ಡ ದಾಖಲೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನದು. ವಿಕ್ರಮ್ ಮ್ಯಾಥ್ಯೂಸ್ ಮತ್ತು ಸಂಗಡಿಗರು 1998ರಿಂದ 2004ರವರೆಗೆ ಎಪಿಎಲ್‌ನ 72 ಹೊಸ ರೋಗಿಗಳಿಗೆ ಬೇರೆ ಕಿಮೋ ಔಷಧಗಳನ್ನು ಮುಂದುಮಾಡದೆ ಆರ್ಸೆನಿಕ್ ಟ್ರೈಆಕ್ಸೈಡನ್ನೇ ಮುಖ್ಯ ಮದ್ದಾಗಿ ಕೊಟ್ಟರು. ನೂರಕ್ಕೆ 86 ಜನರ ರಕ್ತದಲ್ಲಿ ರೋಗ ಮಾಯವಾಯಿತು. ಮೂರು ವರ್ಷದ ಲೆಕ್ಕದಲ್ಲಿ ಬದುಕುಳಿದವರೂ ಹತ್ತಿರ ಹತ್ತಿರ ಅಷ್ಟೇ. 2006ರ ಆ ಪ್ರಬಂಧವನ್ನು ನಾನು ಬಹಳ ಗೌರವದಿಂದ ಓದಿದೆ. ಶ್ರೀಮಂತ ದೇಶಗಳ ದುಬಾರಿ ಕಿಮೋ ಭರಿಸಲಾಗದ ರೋಗಿಗಳಿಗೂ ಗುಣವಾಗುವ ದಾರಿ ಇದೆಯೆಂದು ತೋರಿಸಿದ ಕೆಲಸವದು. ಚೀನಾ, ವೆಲ್ಲೂರು, ಇರಾನಿನ ವೈದ್ಯರು ಮುಂದೆ ನಡೆದರು. ಯುರೋಪಿನವರು ಇದನ್ನು ಮೊದಲ ಸಾಲಿನ ಚಿಕಿತ್ಸೆಯಾಗಿ ಒಪ್ಪಿದ್ದು 2013ರ ಇಟಲಿ–ಜರ್ಮನಿ ಪ್ರಯೋಗದ ನಂತರ.

ಒಳಗೆ ನಡೆಯುವುದೇನು? ಎಪಿಎಲ್‌ನಲ್ಲಿ ಎರಡು ವರ್ಣತಂತುಗಳ ತುಂಡುಗಳು ಅದಲುಬದಲಾಗಿ ಒಂದು ಬೆಸೆದ ಪ್ರೋಟೀನ್ ಹುಟ್ಟುತ್ತದೆ. ಅದು ಬಿಳಿ ರಕ್ತಕಣಗಳನ್ನು ಬಲಿಯಲು ಬಿಡುವುದಿಲ್ಲ. ಬಲಿಯದ ಕಣಗಳೇ ಮೂಳೆಮಜ್ಜೆ ತುಂಬಿಕೊಳ್ಳುತ್ತವೆ. ಆರ್ಸೆನಿಕ್ ನೇರವಾಗಿ ಆ ಪ್ರೋಟೀನಿಗೇ ಅಂಟಿಕೊಳ್ಳುತ್ತದೆಂದು ಶಾಂಘೈನ ಚೆನ್ ಝು ಗುಂಪು 2010ರಲ್ಲಿ ತೋರಿಸಿತು. ಅಂಟಿದ ಮೇಲೆ ಜೀವಕೋಶ ಅದಕ್ಕೆ ‘ಕಸ’ ಎಂಬ ಗುರುತು ಹಚ್ಚುವ ಬಗೆಯನ್ನು ಪ್ಯಾರಿಸ್ಸಿನ ಊಗ್ ಡಿ ತೇ ಗುಂಪು 2008ರಲ್ಲೇ ಬಿಡಿಸಿತ್ತು. ಗುರುತು ಬಿದ್ದ ಪ್ರೋಟೀನು ಚೂರಾಗುತ್ತದೆ. ಚೂರು ಮಾಡುವ ಕೆಲಸದಲ್ಲಿ ಆಟೊಫೇಜಿಯದೂ ಪಾಲಿದೆಯೆಂದು 2010ರಲ್ಲಿ ಬರೆದವರು ಓಸ್ಲೊದವರು, ರೋಗವನ್ನು ಮೊದಲು ಕಂಡ ಊರಿನವರೇ. ಅದೇ ವರ್ಷ ಷಿಕಾಗೊದ ಗುಂಪೊಂದು, ಆಟೊಫೇಜಿಯನ್ನು ತಡೆದರೆ ಆರ್ಸೆನಿಕ್ಕಿನ ಲುಕೇಮಿಯಾ ವಿರೋಧಿ ಶಕ್ತಿ ಕುಗ್ಗುತ್ತದೆಂದು ಬರೆಯಿತು. ಇಲ್ಲಿ ಆಟೊಫೇಜಿ ಕ್ಯಾನ್ಸರ್ ಜೀವಕೋಶವನ್ನು ‘ತಿಂದು’ ಕೊಲ್ಲುವುದಿಲ್ಲ. ಅದನ್ನು ಕ್ಯಾನ್ಸರಾಗಿ ಇಟ್ಟಿದ್ದ ಒಂದು ಪ್ರೋಟೀನನ್ನು ಮುಗಿಸಲು ನೆರವಾಗುತ್ತದೆ. ಆಮೇಲೆ ಕಣ ಬಲಿತು, ಎಲ್ಲ ಬಿಳಿ ಕಣಗಳಂತೆ ತನ್ನ ಕಾಲಕ್ಕೆ ಸಾಯುತ್ತದೆ.

ಪ್ರಮಾಣ ಹೆಚ್ಚಾದರೆ ಸಾವು ಬೇರೆ ಬಗೆಯದು. 1997ರಲ್ಲಿ ಶಾಂಘೈನವರು ಪ್ರಯೋಗಾಲಯದ ಬಟ್ಟಲಲ್ಲಿ ಕಂಡಂತೆ, ಆರ್ಸೆನಿಕ್ ಕಡಿಮೆ ಇದ್ದಾಗ ಕಣಗಳು ಅರೆಬರೆ ಬಲಿಯುತ್ತವೆ, ಹೆಚ್ಚಾದಾಗ ಅಪಾಪ್ಟೋಸಿಸ್ ಎಂಬ ಯೋಜಿತ ಸಾವಿಗೆ ಒಳಗಾಗುತ್ತವೆ. ಪೊರೆ ಒಡೆದು ಚೆಲ್ಲಾಡದೆ, ಒಳಗೊಳಗೇ ಕತ್ತರಿಸಿಕೊಂಡು ಮುದುಡುವ ಈ ಸಾವನ್ನು 1972ರಲ್ಲಿ ಕರ್, ವೈಲಿ, ಕರಿ ಎಂಬ ಮೂವರು ಬಣ್ಣಿಸಿ ಹೆಸರಿಟ್ಟರು. ಸಾವು ಮತ್ತು ಸ್ವಭಕ್ಷಣೆ ಎರಡರ ಲಗಾಮೂ ಒಂದೇ ಕೈಯಲ್ಲಿದೆ ಎಂಬುದು ಕುತೂಹಲದ ವಿಷಯ. ಬಿಸಿಎಲ್2 ಎಂಬ ಪ್ರೋಟೀನು ಅಪಾಪ್ಟೋಸಿಸ್ಸನ್ನೂ ತಡೆಯುತ್ತದೆ, ಬೆಕ್ಲಿನ್ನನ್ನೂ ಹಿಡಿದಿಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ರಾಘವನ್ ಅವರ ಗುಂಪು ಈ ಬಿಸಿಎಲ್2 ಮೇಲೆಯೇ ಕೂರುವ ಡಿಸಾರಿಬ್ ಎಂಬ ಅಣುವನ್ನು ರೂಪಿಸಿ 2016ರಲ್ಲಿ ಪ್ರಕಟಿಸಿತು. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ರವಿ ಮಂಜಿತ್ತಾಯರ ಪ್ರಯೋಗಾಲಯ ಓಸುಮಿಯವರಂತೆ ಯೀಸ್ಟ್ ಹಿಡಿದೇ ಆಟೊಫೇಜಿಯ ಒಳಹೊರಗು ನೋಡುತ್ತಿದೆ. ಪಾರ್ಕಿನ್‌ಸನ್ ರೋಗದ ಇಲಿಗಳಲ್ಲಿ ಆಟೊಫೇಜಿ ಹೆಚ್ಚಿಸುವ ಅಣುವೊಂದನ್ನು ಅವರು 2017ರಲ್ಲಿ ವರದಿ ಮಾಡಿದ್ದರು. ವಿದ್ಯೆ ದೂರದಲ್ಲೇನೂ ಇಲ್ಲ, ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಸಿಗುತ್ತದೆ.

ಈಗ ಗಂಟು ಬಿಚ್ಚಬೇಕಾದ ಜಾಗ. ಔಷಧದ ಆರ್ಸೆನಿಕ್ ಆಟೊಫೇಜಿಗೆ ಕೆಲಸ ಕೊಡುತ್ತದೆ ಎಂದಾದರೆ ತಾಂಡಾದ ನೀರಿನ ಆರ್ಸೆನಿಕ್ ಏನು ಮಾಡುತ್ತದೆ? ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಡೋನಾ ಝಾಂಗ್ ಗುಂಪಿನ 2013ರ ಪ್ರಬಂಧದಲ್ಲಿ ಉತ್ತರ ಸಿಕ್ಕಿತು. ಆಟೊಫೇಜಿ ಅಳೆಯುವವರು ಸಾಮಾನ್ಯವಾಗಿ ಎರಡು ಪ್ರೋಟೀನು ನೋಡುತ್ತಾರೆ. ಎಲ್‌ಸಿ3 ಎಂಬುದು ಹೊಸ ಚೀಲಗಳ ಪೊರೆಗೆ ಅಂಟಿರುತ್ತದೆ. ಪಿ62 ಎಂಬುದು ಕಸವನ್ನು ಹಿಡಿದು ಚೀಲದೊಳಗೆ ಹೋಗಿ, ಕಸದ ಜೊತೆ ತಾನೂ ಕರಗುತ್ತದೆ. ಕಪ್ಪು ಪಟ್ಟಿಗಳಾಗಿ ಅಚ್ಚಾದ ಚಿತ್ರದಲ್ಲಿ ಎಲ್‌ಸಿ3 ದಪ್ಪಗಾಗಿದ್ದರೆ ‘ಆಟೊಫೇಜಿ ಹೆಚ್ಚಿದೆ’ ಎಂದು ಬರೆದುಬಿಡುವುದು ಸುಲಭ. ಸಿಂಧನೂರಿನ ರೈತ ಮಾತ್ರ ಹಾಗೆ ಮೋಸಹೋಗಲಾರ. ಕಾಲುವೆಯ ಗೇಜ್ ಏರಿದೆ ಎಂದರೆ ಅಣೆಕಟ್ಟಿನಿಂದ ನೀರು ಹೆಚ್ಚು ಬಿಟ್ಟಿರಬಹುದು, ಇಲ್ಲವೇ ಕೆಳಗಡೆ ಯಾರೋ ಗೇಟು ಹಾಕಿರಬಹುದು, ಕೊನೆಯಂಚಿನ ಹೊಲಕ್ಕೆ ನೀರು ಮುಟ್ಟಿತೇ ಎಂದು ನೋಡದೆ ಅವನು ತೀರ್ಪು ಹೇಳುವುದಿಲ್ಲ. ಇಲ್ಲಿ ಕೊನೆಯಂಚು ಎಂದರೆ ಪಿ62. ಆರ್ಸೆನಿಕ್ ಸೋಕಿದ ಜೀವಕೋಶಗಳಲ್ಲಿ ಎಲ್‌ಸಿ3ಯೂ ಏರಿತ್ತು, ಪಿ62ವೂ ರಾಶಿ ಬಿದ್ದಿತ್ತು. ಚೀಲಗಳು ತಯಾರಾಗುತ್ತಿವೆ, ಕರಗುತ್ತಿಲ್ಲ.

ಮುಂದಿನದು ಇನ್ನೂ ಕೆಟ್ಟದ್ದು. ರಾಶಿಬಿದ್ದ ಪಿ62, ಕೀಪ್1 ಎಂಬ ಕಾವಲುಗಾರ ಪ್ರೋಟೀನನ್ನು ಹಿಡಿದು ಕಟ್ಟಿಹಾಕುತ್ತದೆ. ಅದು ಅಂಕೆಯಲ್ಲಿಟ್ಟಿದ್ದ ಎನ್‌ಆರ್‌ಎಫ್2 ಬಿಡುಗಡೆಯಾಗುತ್ತದೆ. ವಿಷದ ಏಟಿಗೆ ತಕ್ಷಣ ರಕ್ಷಣೆ ಕೊಡುವ ಒಳ್ಳೆಯ ಪ್ರೋಟೀನು ಇದು. ಸ್ವಲ್ಪ ಹೊತ್ತು ಏಳಬೇಕು, ಮತ್ತೆ ಮಲಗಬೇಕು. ನೀರಿನ ಮೂಲಕ ದಿನವೂ ಆರ್ಸೆನಿಕ್ ಬರುತ್ತಿದ್ದರೆ ಅದು ಮಲಗುವುದೇ ಇಲ್ಲ. ವರ್ಷಗಟ್ಟಲೆ ಎದ್ದುಕೂತ ಈ ರಕ್ಷಣೆಯ ನೆರಳಿನಲ್ಲಿ, ಸಾಯಬೇಕಾಗಿದ್ದ ಕೆಟ್ಟ ಜೀವಕೋಶಗಳೂ ಉಳಿದು ಬೆಳೆಯುತ್ತವೆ.

ಪ್ರಮಾಣದ ಅಂತರ ಎಷ್ಟೆಂದು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ವೆಲ್ಲೂರಿನ ಕ್ರಮದಲ್ಲಿ ದೊಡ್ಡವರಿಗೆ ದಿನಕ್ಕೆ 10 ಮಿಲಿಗ್ರಾಂ ಔಷಧ. ಅದರಲ್ಲಿ ಆರ್ಸೆನಿಕ್ಕಿನ ತೂಕ ಸುಮಾರು 7.6 ಮಿಲಿಗ್ರಾಂ. ಮೊದಲ ಹಂತ ಹೆಚ್ಚೆಂದರೆ 60 ದಿನ, ಬಿಡುವಿನ ನಂತರ ನಾಲ್ಕು ವಾರ, ಆಮೇಲೆ ತಿಂಗಳಿಗೆ ಹತ್ತು ದಿನದಂತೆ ಆರು ತಿಂಗಳು. ಪೂರ್ತಿ ಕೊಟ್ಟರೆ 148 ದಿನ, ಆರ್ಸೆನಿಕ್ ಒಟ್ಟು ಸುಮಾರು 1,120 ಮಿಲಿಗ್ರಾಂ. ಬಿಸಿಲಲ್ಲಿ ದುಡಿಯುವ ಮನುಷ್ಯ ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿಯುತ್ತಾನೆಂದಿಟ್ಟುಕೊಳ್ಳಿ. ಲೀಟರಿಗೆ 10 ಮೈಕ್ರೊಗ್ರಾಂ ಮಿತಿಯ ನೀರಾದರೆ ಒಂದು ಪೂರ್ತಿ ಚಿಕಿತ್ಸೆಯಷ್ಟು ಆರ್ಸೆನಿಕ್ ಹೊಟ್ಟೆ ಸೇರಲು ಸುಮಾರು 77 ವರ್ಷ ಬೇಕು, ಅಂದರೆ ಒಂದು ಆಯುಷ್ಯ. 303 ಮೈಕ್ರೊಗ್ರಾಂ ಇದ್ದ ಆ ಬಾವಿಯ ನೀರಾದರೆ ಎರಡೂವರೆ ವರ್ಷ ಸಾಕು. ನರಕ್ಕೆ ಏರಿಸುವ ಔಷಧಕ್ಕೂ ಬಾಯಿಂದ ಹೋಗುವ ನೀರಿಗೂ ದೇಹ ಒಂದೇ ರೀತಿ ನಡೆದುಕೊಳ್ಳುವುದಿಲ್ಲ, ಆದ್ದರಿಂದ ಇದು ಬರೀ ತೂಕದ ಲೆಕ್ಕ. ಆದರೂ ಆಸ್ಪತ್ರೆಯಲ್ಲಿ ಆ 1,120 ಮಿಲಿಗ್ರಾಂ ಕೊಡುವಾಗ ಹೃದಯದ ಇಸಿಜಿ ತೆಗೆಯುತ್ತಾರೆ, ಪೊಟ್ಯಾಸಿಯಂ, ಮೆಗ್ನೀಸಿಯಂ ನೋಡುತ್ತಾರೆ, ಉಸಿರಾಟ ಬಿಗಿಯಾದರೆ ತಕ್ಷಣ ಸ್ಟೆರಾಯ್ಡ್ ಕೊಡುತ್ತಾರೆ, ಕ್ರಮ ಮುಗಿದ ದಿನ ನಿಲ್ಲಿಸುತ್ತಾರೆ. ಕೊಳವೆಬಾವಿಯ ಮುಂದೆ ಇಸಿಜಿ ಇಲ್ಲ, ನಿಲ್ಲಿಸುವ ದಿನಾಂಕವೂ ಇಲ್ಲ.

“ಹಂಗಾದ್ರ ನಮ್ಮ ಬೋರಿನ ನೀರು ಕುಡದ್ರ ಕ್ಯಾನ್ಸರ್ ಬರಂಗಿಲ್ಲೇನು?” ಎಂದು ಮಸ್ಕಿಯ ಗೆಳೆಯರೊಬ್ಬರು ನಗುತ್ತ ಕೇಳಿದರು. ನಗುವ ಮಾತಲ್ಲ, ಚಿಲಿ ದೇಶದಲ್ಲಿ ಇದಕ್ಕೆ ದಾಖಲೆಯೇ ಇದೆ. ಆಂಟೊಫಗಾಸ್ಟಾ ಎಂಬ ಊರು 1958ರಿಂದ 1970ರವರೆಗೆ ಲೀಟರಿಗೆ ಸರಾಸರಿ 860 ಮೈಕ್ರೊಗ್ರಾಂ ಆರ್ಸೆನಿಕ್ ಇದ್ದ ನದಿನೀರನ್ನು ಕುಡಿಯಿತು. ಆ ವರ್ಷಗಳಲ್ಲಿ ಆ ಪ್ರಾಂತದ ಹೆಂಗಸರಲ್ಲಿ ಸ್ತನ ಕ್ಯಾನ್ಸರಿನ ಸಾವು ಅರ್ಧದಷ್ಟು ಇಳಿದಿತ್ತೆಂದು ಅಲನ್ ಸ್ಮಿತ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದರು. ಅದೇ ಊರಿನಲ್ಲಿ ಶ್ವಾಸಕೋಶ ಮತ್ತು ಮೂತ್ರಕೋಶದ ಕ್ಯಾನ್ಸರಿನ ಸಾವು ಏರಿತು. ನೀರು ಶುದ್ಧವಾದ ಮೇಲೂ ದಶಕಗಟ್ಟಲೆ ಇಳಿಯಲಿಲ್ಲ. ಎರಡೂ ಫಲಿತಾಂಶ ಒಂದೇ ನಲ್ಲಿಯವು. ಮೊದಲನೆಯದನ್ನಷ್ಟೇ ಹೇಳಿದರೆ ಇನ್ನೊಂದು ವಾಟ್ಸಾಪ್ ಬರಹ ತಯಾರಾಗುತ್ತದೆ.

ಚಿಲಿಯಲ್ಲಿ ಈ ಲೆಕ್ಕ ಸಿಕ್ಕಿದ್ದಕ್ಕೆ ಕಾರಣ ಸರಳ. ಯಾವ ಪ್ರಾಂತ ಯಾವ ವರ್ಷ ಯಾವ ನೀರು ಕುಡಿಯಿತು ಎಂಬುದೂ, ಯಾರು ಯಾವ ರೋಗದಿಂದ ಸತ್ತರು ಎಂಬುದೂ ಬರೆದಿಟ್ಟಿತ್ತು. ಇಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ಜನಸಂಖ್ಯೆಯ ಆಧಾರದ ಕ್ಯಾನ್ಸರ್ ನೋಂದಣಿ ನಡೆಸುತ್ತಿದೆ, ಅದು ಬೆಂಗಳೂರಿನವರ ಲೆಕ್ಕ. ಲಿಂಗಸುಗೂರು, ಮಸ್ಕಿ, ಸಿಂಧನೂರಿನ ರೋಗಿ ಹೋಗುವುದು ಕಲಬುರಗಿಗೆ, ಹೈದರಾಬಾದಿಗೆ, ಸೊಲ್ಲಾಪುರಕ್ಕೆ, ಕೈಯಲ್ಲಿ ಕಾಸಿದ್ದರೆ ಬೆಂಗಳೂರಿಗೆ. ಒಂದೇ ಓಣಿಯ ಇಬ್ಬರ ಕೇಸ್‌ಶೀಟು ಎರಡು ರಾಜ್ಯಗಳಲ್ಲಿ ಬಿದ್ದಿರುತ್ತದೆ. ನೀರಿನ ಪರೀಕ್ಷೆಯ ವರದಿ ಜನವಸತಿಯ ಹೆಸರಿನಲ್ಲಿರುತ್ತದೆ, ಆಸ್ಪತ್ರೆಯ ದಾಖಲೆ ರೋಗಿಯ ಇಂದಿನ ವಿಳಾಸದಲ್ಲಿ. ದುಡಿಯಲು ಬೆಂಗಳೂರಿಗೆ ಹೋಗಿ ಹತ್ತು ವರ್ಷವಾದವರ ವಿಳಾಸ ಬೆಂಗಳೂರೇ. ಆರ್ಸೆನಿಕ್ಕಿನಿಂದ ಬರುವ ಕ್ಯಾನ್ಸರ್ ಕಾಣಿಸಿಕೊಳ್ಳಲು ಇಪ್ಪತ್ತು, ಮೂವತ್ತು ವರ್ಷ ಹಿಡಿಯುತ್ತದೆ. ಕೇಸ್‌ಶೀಟಿನಲ್ಲಿ ಬೀಡಿ ಸೇದುತ್ತೀರಾ, ತಂಬಾಕು ತಿನ್ನುತ್ತೀರಾ ಎಂದು ಕೇಳಿ ಬರೆದುಕೊಳ್ಳುವ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿಸಲು ಖರ್ಚೇನೂ ಇಲ್ಲ: ಸಣ್ಣವರಿದ್ದಾಗ ಯಾವ ಊರಿನ ನೀರು ಕುಡಿದಿರಿ, ಕೆರೆಯದೋ, ಕಾಲುವೆಯದೋ, ಬೋರಿನದೋ?